ಕ್ಲಚ್ ಪ್ಲೇಟ್ ಸುಟ್ಟಿದ್ದು ಡ್ರೈವರ್‌ನ ಕಾಲಲ್ಲ, ಓನರ್‌ನ ಲೋಡು

ಹೋದ ತಿಂಗಳು ನಮ್ಮ ಪಕ್ಕದೂರಿನ ಹುಡುಗನೊಬ್ಬನ ಸಂಬಳದಲ್ಲಿ 4,500 ರೂಪಾಯಿ ಹಿಡಿದುಕೊಂಡರು. ಅವನು ಹಳೇ ಮಿನಿ ಪಿಕಪ್ ಓಡಿಸುತ್ತಾನೆ. ಹೊಲದಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಸಾಗಿಸುವುದು ಕೆಲಸ. ಕೆರೆ ಏರಿ ಹತ್ತುವಾಗ ಕ್ಲಚ್ ಪ್ಲೇಟ್ ಸುಟ್ಟುಹೋಯಿತು. "ಯಾವಾಗ್ಲೂ ಹಾಫ್ ಕ್ಲಚ್‌ನಲ್ಲೇ ಓಡಿಸ್ತಾನೆ, ಇವನ ಕಾಲು ಸರಿ ಇಲ್ಲ" ಅಂತ ಓನರ್ ತೀರ್ಪು ಕೊಟ್ಟರು. ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ಹೌದೌದು ಅಂದರು.

ನಾನು ಹುಡುಗನನ್ನು ಕೇಳಿದೆ, ಅವತ್ತು ಎಷ್ಟು ಕ್ರೇಟ್ ಇತ್ತಪ್ಪ?

"ತೊಂಬತ್ತೈದು ಅಣ್ಣಾ."

ಕ್ರೇಟಿಗೆ 15 ಕೆಜಿ ಹಣ್ಣು. 95 ಕ್ರೇಟ್ ಅಂದರೆ 1,425 ಕೆಜಿ. ಪ್ಲಾಸ್ಟಿಕ್ ಕ್ರೇಟ್‌ಗಳ ತೂಕ ಇದರಲ್ಲಿ ಸೇರಿಲ್ಲ. ಆ ಗಾಡಿ ಹೊರಬೇಕಾದದ್ದು 750 ಕೆಜಿ, ಅಂದರೆ 50 ಕ್ರೇಟೂ ಪೂರ್ತಿ ಆಗಲ್ಲ. ಗಾಡಿ ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ, ತಪ್ಪು ಕಂಪನಿಯದಲ್ಲ. 4 ಗೇರಿನ ಗಾಡಿ, ಅಷ್ಟು ತಿಳಿದರೆ ಸಾಕು.

ಏರಿ ಹತ್ತುವಾಗ ಎದುರಿಗೆ ಎಮ್ಮೆಗಳು ಬಂದವಂತೆ. ನಿಲ್ಲಿಸಿದ. ಮತ್ತೆ ಎತ್ತಬೇಕು. ಇಂಜಿನ್ ತಿರುಗುವ ವೇಗಕ್ಕೂ ಚಕ್ರ ತಿರುಗುವ ವೇಗಕ್ಕೂ ಹೊಂದಿಕೆ ಆಗುವವರೆಗೆ ಕ್ಲಚ್ ಪ್ಲೇಟ್ ಉಜ್ಜುತ್ತಲೇ ಇರುತ್ತದೆ. ಲೋಡು ಸರಿಯಾಗಿದ್ದರೆ ಅದು ಒಂದೆರಡು ಸೆಕೆಂಡಿನ ಕೆಲಸ. ಲೋಡು ಎರಡರಷ್ಟಾದರೆ ಉಜ್ಜಾಟ ಮುಗಿಯುವುದೇ ಇಲ್ಲ. ಹೇಗೋ ಎತ್ತಿದ ಅಂತಿಟ್ಟುಕೊಳ್ಳಿ. ಫಸ್ಟ್ ಗೇರಿನಲ್ಲಿ ಇಂಜಿನ್ ಕಿರುಚುತ್ತೆ, ಗಾಡಿ ಮನುಷ್ಯ ನಡೆದಷ್ಟು ವೇಗ. ಸೆಕೆಂಡ್ ಹಾಕಿದರೆ ಉಸಿರು ಕಟ್ಟಿ ಆಫ್ ಆಗುತ್ತೆ. ಎರಡರ ಮಧ್ಯೆ ಇನ್ನೊಂದು ಗೇರ್ ಇಲ್ಲ. ಇರುವುದು ಡ್ರೈವರ್‌ನ ಎಡಗಾಲು ಮಾತ್ರ. ಇಲ್ಲದ ಗೇರಿನ ಕೆಲಸವನ್ನು ಆ ಕಾಲಿನಿಂದ ಮಾಡಿಸಿ, ಆಮೇಲೆ ಕಾಲಿಗೇ ದಂಡ ಹಾಕುತ್ತೀರಿ.

2005ರಲ್ಲಿ ಬಂದ ಟಾಟಾ ಏಸ್ ಎಲ್ಲರಿಗೂ ಗೊತ್ತು. 702 ಸಿಸಿ, ಎರಡು ಸಿಲಿಂಡರ್, 16 ಎಚ್‌ಪಿ, 4 ಗೇರ್. ಅದರ ಲೆಕ್ಕಕ್ಕೆ ತಕ್ಕ ಲೋಡು ಹಾಕಿದರೆ ಒಳ್ಳೆಯ ಗಾಡಿಯೇ, ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ನನಗೆ 5 ಗೇರಿನದು ಬೇಕು ಅಂತ ಅದರಲ್ಲಿ ಕೇಳುವ ಹಾಗಿರಲಿಲ್ಲ. 1980ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಫೋರ್ಡ್ ರೇಂಜರ್ ಪಿಕಪ್ ಕೊಳ್ಳುವವನು 4 ಗೇರ್ ಬೇಕೋ, 5 ಬೇಕೋ, ಆಟೋಮ್ಯಾಟಿಕ್ ಬೇಕೋ ಅಂತ ಆರಿಸಬಹುದಿತ್ತು. ನಮ್ಮಲ್ಲಿ ಆರಿಸಲು ಸಿಗುತ್ತಿದ್ದದ್ದು ಬಣ್ಣ.

"5 ಗೇರಿನದು ತಗೊಂಡರೆ ಮುಗೀತಲ್ಲ?" ಅನ್ನುವವರಿದ್ದಾರೆ. ಅರ್ಧ ಸರಿ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ 5 ಗೇರಿನದು, 1.25 ಟನ್ ಹೊರುತ್ತದೆ. ಅದು ದೊಡ್ಡ ಗಾಡಿ, ಇಂಜಿನ್ನೂ ದೊಡ್ಡದು. ಐದನೇ ಗೇರ್ ಇರುವುದು ಹೈವೇಗೆ, ಕೆರೆ ಏರಿಗಲ್ಲ. ಅದರ ಮೇಲೂ ಎರಡೂವರೆ ಟನ್ ಹೇರಿದರೆ ಇದೇ ಕಥೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟೈರ್ ಒದೆಯುತ್ತೀರಿ, ಎಫ್‌ಸಿ, ಇನ್ಶೂರೆನ್ಸ್ ಕೇಳುತ್ತೀರಿ. ಗೇರ್‌ಬಾಕ್ಸ್ ಯಾರೂ ಕೇಳಲ್ಲ. ಲೋಡು ಹಾಕಿಸಿ, ಇಳಿಜಾರಿನಲ್ಲಿ ನಿಲ್ಲಿಸಿ, ಫಸ್ಟ್‌ನಲ್ಲಿ ಎತ್ತಿ ನೋಡಿ. ಓಡುವಾಗ ಮೂರರಿಂದ ಎರಡಕ್ಕೆ ಹಾಕಿ, ಕರಕರ ಅಂದರೆ ಸಿಂಕ್ರೋ ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಆ ಗಾಡಿ ಬೇಡ.

ಓನರ್‌ಗೂ ಕಂತಿದೆ, ಡೀಸೆಲ್ ಖರ್ಚಿದೆ, ಗೊತ್ತು. ರೈತರಾದ ನಾವೂ ಸಾಚಾ ಅಲ್ಲ. ಬಾಡಿಗೆ ಕ್ರೇಟ್ ಲೆಕ್ಕ. ಅದರಲ್ಲೂ ಚೌಕಾಸಿ ಮಾಡಿ "ಒಂದೇ ಟ್ರಿಪ್ಪಿಗೆ ಹಾಕ್ಕೊಂಡು ಹೋಗು" ಅಂತ ಹೇರುತ್ತೇವೆ. ಆದರೆ ಹೆಚ್ಚುವರಿ 45 ಕ್ರೇಟಿನ ಬಾಡಿಗೆಯಲ್ಲಿ ಆ ಹುಡುಗನಿಗೆ ಒಂದು ರೂಪಾಯಿ ಪಾಲು ಕೊಟ್ಟಿರಾ? ಲಾಭದಲ್ಲಿ ಪಾಲಿಲ್ಲದವನಿಗೆ ನಷ್ಟದಲ್ಲಿ ಮಾತ್ರ ಪೂರ್ತಿ ಪಾಲು ಯಾವ ನ್ಯಾಯ? ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಓವರ್‌ಲೋಡ್ ಗಾಡಿ ಓಡಿಸಿದವನನ್ನು ಮಾತ್ರ ಹಿಡಿಯಲ್ಲ, ಓಡಿಸುವಂತೆ ಮಾಡಿದವನನ್ನೂ ಹಿಡಿಯುತ್ತದೆ. ಟೀ ಅಂಗಡಿಯ ಕಾನೂನಿಗಿಂತ ಅದೇ ವಾಸಿ.

ಈಗ ಆ ಹುಡುಗ ಪ್ರತಿ ಟ್ರಿಪ್ಪಿಗೂ ಮುಂಚೆ ಲೋಡಿನ ಫೋಟೊ ತೆಗೆದು, ಕ್ರೇಟ್ ಎಷ್ಟು ಅಂತ ಬರೆದು ಓನರ್‌ಗೆ ವಾಟ್ಸಾಪ್ ಮಾಡುತ್ತಾನೆ. ಮೊನ್ನೆ ಅದಕ್ಕೂ ಬೈಸಿಕೊಂಡ. 4,500 ಇನ್ನೂ ವಾಪಸ್ ಬಂದಿಲ್ಲ.