ಇಂಗ್ಲಿಷಿನಲ್ಲಿ ಕಳಿಸಿ ಎನ್ನುವ ಮೊದಲು ನಿಮ್ಮ ಸಾಫ್ಟ್‌ವೇರ್ ಪರೀಕ್ಷಿಸಿ

ಕನ್ನಡದಲ್ಲಿ ಕಳಿಸಿದ ಇಮೇಲ್ ಆ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತೆರೆದುಕೊಂಡರೆ ನಮಗೆ ಸಿಗುವ ಉತ್ತರ ಒಂದೇ: "ಇಂಗ್ಲಿಷಿನಲ್ಲಿ ಕಳಿಸಿ ಮಾರಾಯ್ರೆ." ಇದನ್ನು ನಾವು ಒಪ್ಪುವುದಿಲ್ಲ. ಕೆಟ್ಟದ್ದು ಕನ್ನಡವಲ್ಲ, ಕನ್ನಡದಲ್ಲಿ ಪರೀಕ್ಷಿಸದ ಸಾಫ್ಟ್‌ವೇರ್.

ಲೆಕ್ಕ ನೋಡಿ. ಮೇಲ್‌ನ ವಿಷಯದ ಸಾಲು ಮೊದಲು ರೂಪುಗೊಂಡದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಕನ್ನಡವನ್ನು ಅದರಲ್ಲಿ ಸಂಕೇತವಾಗಿ ಬದಲಿಸಿ, ತುಂಡು ಮಾಡಿ ಕಳಿಸುವುದು ರೂಢಿ. 1996ರ ನಿಯಮದಂತೆ ಒಂದು ತುಂಡು 75 ಅಕ್ಷರ ಮೀರಬಾರದು, ಒಂದೇ ಅಕ್ಷರವನ್ನು ಎರಡು ತುಂಡಿಗೆ ಸೀಳಲೂಬಾರದು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 'ವೇಣೂರು' ಎಂದರೆ ಕೊಂಬು, ಏತ್ವ ಸೇರಿ 6 ಚಿಹ್ನೆ, 18 ಬೈಟ್. ಸಾಮಾನ್ಯ ವಿಧಾನದಲ್ಲಿ ಒಂದು ತುಂಡಿಗೆ ಹಿಡಿಸುವುದು 45 ಬೈಟ್, ಅಂದರೆ 15 ಚಿಹ್ನೆ.

'ವೇಣೂರು ಪೇಟೆಗೆ ನೀರಿಲ್ಲ' ಎಂದು ಬರೆದಿರಿ ಅನ್ನಿ. ಒಟ್ಟು 59 ಬೈಟ್. ಸಾಫ್ಟ್‌ವೇರ್ 45ಕ್ಕೆ ಕಣ್ಣುಮುಚ್ಚಿ ಕತ್ತರಿಸಿದರೆ ಕತ್ತರಿ ಬೀಳುವುದು 'ನೀರಿಲ್ಲ'ದ 'ರ' ಮೇಲೆಯೇ! ಮಾಮೂಲಿ ಇಂಗ್ಲಿಷ್ ಸಾಲಿಗೆ ಈ ಸಂಕೇತವೂ ಬೇಡ, ಈ ಕತ್ತರಿಯೂ ಬೇಡ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದಾದರೂ ಹೇಗೆ?

ಪಡೆಯುವ ಕಡೆಗೂ ಜವಾಬ್ದಾರಿಯಿದೆ. ತುಂಡುಗಳ ಬೈಟ್‌ಗಳನ್ನು ಮೊದಲು ಜೋಡಿಸಿ ಆಮೇಲೆ ಓದಿದರೆ ಸೀಳಿದ 'ರ' ಮತ್ತೆ ಕೂಡಿಕೊಳ್ಳುತ್ತದೆ. ಕಳಿಸುವಾಗ ಕಟ್ಟುನಿಟ್ಟು, ಪಡೆಯುವಾಗ ಉದಾರತೆ ಎಂಬ ತತ್ವವನ್ನು ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲೇ ಬರೆದಿಟ್ಟಿದ್ದಾರೆ.

ಉದಾರತೆಯಿಂದ ಮೋಸಗಾರರೂ ಒಳಬರುತ್ತಾರೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಒಂದೇ ಮೇಲ್‌ನಲ್ಲಿ 'ಇಂದ' ಎಂಬ ಸಾಲು ಎರಡಿದ್ದರೆ, ತಪಾಸಣೆ ಒಂದನ್ನು ನೋಡಿ ಬಿಟ್ಟು, ಫೋನ್ ಇನ್ನೊಂದನ್ನು ತೋರಿಸಬಹುದು. ಅಂಥದ್ದನ್ನು ತಡೆಯಲೇಬೇಕು. ಆದರೆ ತಡೆಯುವುದು ಬೇರೆ, ಸದ್ದಿಲ್ಲದೆ ನುಂಗುವುದು ಬೇರೆ. ಪಿನ್‌ಕೋಡ್ ತಪ್ಪಿದ ಕಾಗದವನ್ನು ಅಂಚೆಯಣ್ಣ ಫಲ್ಗುಣಿ ಹೊಳೆಗೆ ಎಸೆಯುತ್ತಾನೆಯೇ? ವಿಚಾರಿಸಿ ಮುಟ್ಟಿಸುತ್ತಾನೆ, ಆಗದಿದ್ದರೆ ಹಿಂದಿರುಗಿಸುತ್ತಾನೆ.

ಹಾಗಾಗಿ ಜನರ ಅರ್ಜಿಯನ್ನು ಮೇಲ್‌ನಲ್ಲಿ ಪಡೆಯುವ ಪ್ರತಿ ಕಚೇರಿಗೂ ನಮ್ಮ ಒತ್ತಾಯ ಇಷ್ಟು. ಸಾಫ್ಟ್‌ವೇರ್ ಕೊಳ್ಳುವ ಮೊದಲು ಬೇಕೆಂದೇ ಕೆಡಿಸಿದ ಕನ್ನಡ ಮೇಲ್‌ಗಳನ್ನು ಅದಕ್ಕೆ ಉಣಿಸಿ: ಅಕ್ಷರ ಸೀಳಿದ್ದು, ಲಿಪಿ ಸಂಕೇತ ಯಾವುದೆಂದು ಹೇಳದ್ದು, ಅರ್ಧಕ್ಕೇ ತುಂಡಾದ ಅಟ್ಯಾಚ್‌ಮೆಂಟ್, ಕಳಿಸಿದವರ ಸಾಲು ಎರಡಿರುವುದು. ಓದಬಹುದಾದದ್ದನ್ನು ತೋರಿಸಲಿ, ಅನುಮಾನವಿದ್ದರೆ ಎಚ್ಚರಿಸಲಿ, ತಿರಸ್ಕರಿಸುವುದಾದರೆ ಕಾರಣ ಹೇಳಿ ವಾಪಸ್ ಕಳಿಸಲಿ. ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ. ಮೇಲ್ ತಲುಪಲಿಲ್ಲ ಎಂಬುದು ಆ ದಿನ ಕಳೆದ ಮೇಲೆ ಗೊತ್ತಾದರೆ ಏನು ಪ್ರಯೋಜನ?