ಲೆನ್ಸಿಗೆ ಲಕ್ಷ ಕೊಟ್ಟು ಕಾಲಿಗೆ ಚೌಕಾಶಿ ಯಾಕ್ರಿ?

ನಮ್ಮ ತಂಗಿ ಮಗಳು ಎರಡು ವರ್ಷ ಪಗಾರ ಕೂಡಿಟ್ಟು 150-600 ಎಂಎಂ ಲೆನ್ಸ್ ತಗೊಂಡಾಳ, ಅದು ನಿಮಗೆಲ್ಲಾ ಗೊತ್ತದ. ಮುಂಜಾನೆ ಆರಕ್ಕೆಲ್ಲಾ ಕೆಲಗೇರಿ ಕೆರಿ ದಂಡಿಗೆ ಹೋಗಿ ನಿಂದರತಾಳ. ಈಗ ಆ ಲೆನ್ಸಿಗೆ ತಕ್ಕ ಟ್ರೈಪಾಡ್ ಬೇಕು ಅಂತಾಳ. ಸೀಗಿ ಹುಣ್ಣಿವಿಗೆ ಹೊಲದಾಗ ಚರಗ ಚೆಲ್ಲಿ ಊಟಕ್ಕ ಕುಂತಾಗ ಇದ ಮಾತು ಬಂತು. "ಮೂರು ಕೋಲಿಗೆ ಅಷ್ಟ್ಯಾಕ ರೊಕ್ಕ? ಎರಡು ಸಾವಿರಕ್ಕ ಬೇಕಾದಷ್ಟು ಸಿಗತಾವ" ಅಂದ್ರು ಕಾಕಾ. "ಹೆಣ್ಣುಹುಡುಗಿ, ಹಗೂರಂದು ನೋಡಿ ತಗೊಳವಾ" ಅಂದ್ರು ಮೌಶಿ. ಇಬ್ಬರ ಮಾತೂ ನನಗ ಒಪ್ಪಿಗಿ ಇಲ್ಲ. ಎಳ್ಳು ಹೋಳಿಗಿ ಮುಂದ ಇಟ್ಕೊಂಡು ವಾದ ಮಾಡೂದು ಬ್ಯಾಡಂತ ಸುಮ್ಮನಿದ್ದೆ. ಇಲ್ಲೆ ಹೇಳತೀನಿ.

ಮೊದಲು ಈ ಮೂರು ಕಾಲಿನ ವಿಚಾರ. ನಮ್ಮ ಅಜ್ಜಿ ಮನ್ಯಾಗ ತಾಟು ಇಡಾಕ ಅಡ್ಡಣಿಗಿ ಇರತಿತ್ತು, ನೆನಪದ ಅಲ್ಲ? ಅದಕ್ಕೂ ಮೂರ ಕಾಲು. ನೆಲ ಎಷ್ಟ ತಗ್ಗುದಿನ್ನಿ ಇರಲಿ, ಮೂರು ಕಾಲಿಂದು ಗಡಗಡ ಅನ್ನೂದಿಲ್ಲ, ನಾಕು ಕಾಲಿನ ಟೇಬಲ್ಲಿಗೆ ಕಾಗದ ಮಡಚಿ ತುರುಕಬೇಕಾಗತದ. ಹೊಲದಾಗ ಒಲಿ ಹೂಡಿದ್ರೂ ಮೂರ ಕಲ್ಲು. ಹಂಗಂತ ಮೂರು ಸಣ್ಣ ಹಳ್ಳ ಇಟ್ಟು ಮ್ಯಾಲೆ ಹೋಳಿಗಿ ಹೂರಣದ ಪಾತೇಲಿ ಯಾರರ ಏರಸ್ತೀರೇನು? ಕಾಲು ಮೂರು ಇದ್ರ ಸಾಲೂದಿಲ್ಲ, ಹೊರೂ ತಾಕತ್ತೂ ಬೇಕು.

ಭಾರ ಎಷ್ಟು ಅನ್ನೂದು ಲೆಕ್ಕ ಹಾಕೂಣು. ಇಂಥ ಲೆನ್ಸ್ ಒಂದ ಸುಮಾರು 2 ಕಿಲೋ. ಕ್ಯಾಮೆರಾ ಮುಕ್ಕಾಲು ಕಿಲೋ. ಅದನ್ನ ತಿರುಗಸೂ ಹೆಡ್ ಒಂದು, ಒಂದೂಕಾಲು ಕಿಲೋ. ಅಂದ್ರ ಕಾಲಿನ ಮ್ಯಾಲೆ 4 ಕಿಲೋ ಬಿತ್ತು. "4 ಕಿಲೋ ಅಷ್ಟ ಅಲ್ಲ, ಡಬ್ಬಿ ಮ್ಯಾಲೆ 5 ಕಿಲೋ ತಡೀತದ ಅಂತ ಬರದಾರ" ಅಂತೀರಿ. ಆ ಅಂಕಿ ಮಾಡಿದವ್ರು ತಮ್ಮ ತಮ್ಮ ಲೆಕ್ಕದಾಗ ಹಾಕ್ಕೊಂಡದ್ದು, ಎಲ್ಲಾರಿಗೂ ಒಂದ ಅಳತಿ ಅಂತ ಇಲ್ಲ. ಮುರದು ಬೀಳೂದಿಲ್ಲ ಅನ್ನೂದು ಬ್ಯಾರೆ, ಅಳ್ಳಾಡೂದಿಲ್ಲ ಅನ್ನೂದು ಬ್ಯಾರೆ. ಅದಕ್ಕ ತಿಳದವ್ರು ಇರೂ ಭಾರದ ಮೂರು ಪಟ್ಟು ಬರದಿದ್ದನ್ನ ತಗೋರಿ ಅಂತಾರ. ನಮ್ಮ ಹುಡುಗಿ ಲೆಕ್ಕಕ್ಕ 12 ಕಿಲೋ ಆತು.

ಅಳ್ಳಾಡಿದ್ರ ಏನ್ ಆತು ಅಂತ ಕಾಕಾ ಕೇಳಿದ್ರಲ್ಲ, ಕೇಳ್ರಿ. 600 ಎಂಎಂದಾಗ ನೋಡಿದ್ರ ಕಾಣೂದು ಬರೇ 4 ಡಿಗ್ರಿ ಅಷ್ಟ ಆಕಾಶ. ಕೈ ಉದ್ದಕ್ಕ ಚಾಚಿ ಎರಡು ಬೆರಳು ಹಿಡೀರಿ, ಹೆಚ್ಚೂಕಡಿಮಿ ಅಷ್ಟ. ದೂರದ ಹಕ್ಕಿ ಹತ್ರ ಬಂದಂಗ, ಕಾಲಿನ ನಡುಕಾನೂ ಅಷ್ಟ ಪಟ್ಟು ದೊಡ್ಡದಾಗಿ ಬರತದ. ಕೆರಿ ದಂಡಿಗೆ ಗಾಳಿ ಇದ್ದ ಇರತದ. ಲಕ್ಷ ಕೊಟ್ಟ ಗಾಜು, ಹಕ್ಕಿ ಕಣ್ಣಿನ ಜಾಗಾದಾಗ ಮಬ್ಬು ಬಳದಂಗ ಫೋಟೋ ಬಂದ್ರ ಆ ರೊಕ್ಕ ಎಲ್ಲಿಗೆ ಹೋತು? ಲೆನ್ಸಿಗೆ ಹಾಕಿದ ರೊಕ್ಕ ಉಳಸೂದ ಈ ಕಾಲು.

ಅಂಗಡ್ಯಾಗ ಏನ್ ನೋಡಬೇಕು ಅಂದ್ರ, ಮೊದಲು ಕೊಳವಿ ದಪ್ಪ. ಮ್ಯಾಲಿನ ಕೊಳವಿ 28 ಎಂಎಂಗಿಂತ ಸಣ್ಣದಿದ್ರ ಈ ಲೆನ್ಸಿಗೆ ಬ್ಯಾಡ, 32 ಇದ್ರ ಬೇಫಿಕೀರ್. ಕಾಲಿನಾಗ ಮಡಿಕಿ ಕಡಿಮಿ ಇದ್ದಷ್ಟು ಚಲೋ. ಐದು ಮಡಿಕಿಂದು ಚೀಲದಾಗ ಅಗದಿ ಛಂದ ಕುಂದರತದ ಖರೆ, ಆದ್ರ ಕಡೀ ಕೊಳವಿ ಅಗರಬತ್ತಿ ಆಗಿರತದ. ಮೂರು ಇಲ್ಲಾ ನಾಕು ಮಡಿಕಿ ಸಾಕು. ಇನ್ನ ನಡುವ ಮ್ಯಾಲೆ ಏಳೂ ಕೋಲು ಒಂದು ಇರತದಲ್ಲ, ಅದು ನನ್ನ ಕಣ್ಣಿಗೆ ಬೀಳಬಾರದು. ಮೂರು ಕಾಲು ಕಟ್ಟಿ ಅದರ ಮ್ಯಾಲೆ ಮತ್ತ ಒಂಟಿಕಾಲು ನಿಂದರಿಸಿದಂಗ ಅದು. ಕೋಲು ಏಳಸದನ ಕಣ್ಣಿನ ಎತ್ತರಕ್ಕ ಬರೂವಂಥಾದ್ದು ತಗೋಬೇಕು. ಈ ಹುಡುಗಿ ಅವರಪ್ಪನಂಗ ಎತ್ತರ, ಅದನ್ನೂ ಲಕ್ಷ್ಯದಾಗ ಇಟ್ಕೋಬೇಕು.

ಕಾರ್ಬನ್ನೋ ಅಲ್ಯುಮಿನಿಯಮ್ಮೋ ಅಂತ ಅಳಿಯಂದ್ರು ಕೇಳಿದ್ರು. ಕಾರ್ಬನ್ ಹಗೂರ, ನಡುಕಾನೂ ಲಗೂನ ನುಂಗತದ, ಕಿಮ್ಮತ್ತು ಭಾಳ. ಸ್ಕೂಟಿ ಮ್ಯಾಲೆ ಕೆಲಗೇರಿಗೋ ಉಣಕಲ್ಲಿಗೋ ಹೋಗಿ ಬರಾಕ ದಪ್ಪ ಅಲ್ಯುಮಿನಿಯಂ ಸಾಕು. ಅದ ರೊಕ್ಕದಾಗ ಸಣ್ಣ ಕಾಲಿನ ಕಾರ್ಬನ್ ಬರತದ ಅಂತ ಆಸೆಬುರುಕತನ ಮಾಡಬಾರದು, ದಪ್ಪಕ್ಕ ಮೊದಲ ಮಾನ.

ಡಬ್ಬಿ ಮ್ಯಾಲೆ ಬರದದ್ದು ನೋಡಿ ತಗೊಳ್ಳೂದು ಬ್ಯಾಡ, ಲೆನ್ಸ್ ಚೀಲಾ ಹೊತಗೊಂಡ ಅಂಗಡಿಗೆ ಹೋಗಬೇಕು. ಕಾಲು ಪೂರಾ ಬಿಚ್ಚಿ, ಲೆನ್ಸ್ ಏರಿಸಿ, ಎದುರಿಗಿನ ಬೋರ್ಡಿನ ಅಕ್ಷರಕ್ಕ ಹಿಡದು, ಪರದೆ ಮ್ಯಾಲೆ 10 ಪಟ್ಟು ದೊಡ್ಡದು ಮಾಡಿ, ಲೆನ್ಸಿನ ತುದಿಗೆ ಬೆರಳಿಲೆ ಒಂದ ಸಲ ತಟ್ಟಬೇಕು. ಅಕ್ಷರ ಒಂದು ಸೆಕೆಂಡಿನಾಗ ಸುಮ್ಮನಾದ್ರ ಪಾಸು. ಮೂರು ನಾಕು ಎಣಸೂತನಾ ಕುಣೀತಿದ್ರ ನಮಸ್ಕಾರ ಹೇಳಿ ಬರೂದು. ನಾವು ಕೊಬ್ಬರಿ ಅಲ್ಲಾಡಿಸಿ ನೋಡಿ ತಗೊಳ್ಳಾವ್ರು, ಇದಕ್ಕ್ಯಾಕ ನಾಚಿಗಿ?

ಹೆಡ್ ವಿಚಾರ ಸ್ವಲ್ಪ ಹೇಳಬೇಕು, ಅಲ್ಲೆ ಭಾಳ ಮಂದಿ ತಪ್ಪತಾರ. ಗುಂಡಿನ ಹೆಡ್ ಅಂದ್ರ ಬಾಲ್ ಹೆಡ್ ಮನಿಷ್ಯಾರ ಫೋಟೋಕ್ಕ, ಗುಡಿ ಫೋಟೋಕ್ಕ ಅಡ್ಡಿಯಿಲ್ಲ. ಭಾರದ ಲೆನ್ಸ್ ಇಟ್ಟು ಜರಾ ಸಡಲ ಮಾಡಿದ್ರ ಸಾಕು, ಧೊಪ್ಪಂತ ಮಕಾಡೆ ಬೀಳತದ, ನಡುವ ಬೆರಳು ಸಿಕ್ರ ಮುಗೀತು. ಹಕ್ಕಿಗೆ ಬೇಕಾದದ್ದು ಗಿಂಬಲ್ ಹೆಡ್. ಅದು ತೊಟ್ಟಲಾ ಇದ್ದಂಗ: ಭಾರ ತೂಗಿ ಬಿಟ್ಟಿರತದ, ಒಂದ ಬೆರಳಿಲೆ ತಳ್ಳಿದ್ರ ಹೋಗತದ, ಬಿಟ್ರ ಅಲ್ಲೇ ನಿಂದರತದ. ಸಮತೂಕ ಸಿಗೂತನಾ ಲೆನ್ಸನ್ನ ಹಿಂದ ಮುಂದ ಸರಸಬೇಕು, ಅದಕ್ಕ ಉದ್ದನ ಪ್ಲೇಟ್ ಬೇಕು. ಆರ್ಕಾ-ಸ್ವಿಸ್ ಅಂತ ಅನ್ನೂ ಅಳತಿದು ತಗೊಂಡ್ರ ಬ್ಯಾರೆ ಬ್ಯಾರೆ ಹೆಡ್ಡಿಗೆ ಕೂಡತದ. ಮತ್ತ, ಕಟ್ಟೂದು ಲೆನ್ಸಿನ ಕೊರಳಪಟ್ಟಿಗೆ, ಕ್ಯಾಮೆರಾಕ್ಕಲ್ಲ. ತುಂಬಿದ ಕೊಡ ಬಾಯಿ ಹಿಡದು ಒಯ್ತೀವೇನು? ಟೊಂಕದ ಮ್ಯಾಲೆ ಇಟಗೊಂಡ ಹೋಗತೀವಿ.

ಇನ್ನ ಮೌಶಿ ಮಾತಿಗೆ ಬರತೀನಿ. ಮೌಶಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅವಳಿನಗರದಾಗ ನಳ ಬರೂ ದಿನ ನೀರು ಹೊತಗೊಂಡ ಮಾಳಗಿ ಏರೂದು ಯಾರು? 15 ಲೀಟರಿನ ಕೊಡ ಅಂದ್ರ 15 ಕಿಲೋ. ಅವಾಗ "ಹೆಣ್ಣುಹುಡುಗಿ, ಅರ್ಧ ಕೊಡ ತಗೋ" ಅಂತ ಯಾರೂ ಅಂದಿದ್ದು ನಾ ಕೇಳಿಲ್ಲ. ಕಾಲು, ಹೆಡ್ ಎಲ್ಲಾ ಕೂಡಿ 3-4 ಕಿಲೋ ಅಂದಕೂಡಲೆ ಹೆಣ್ಣು ಅನ್ನೂದು ನೆನಪಾತು! ಹಕ್ಕಿ ಫೋಟೋದಾಗ ದೇಶಕ್ಕೆಲ್ಲಾ ಹೆಸರಾದ ರತಿಕಾ ರಾಮಸಾಮಿ ಹೆಣ್ಣುಮಗಳಾಗಿನ ಅದನ್ನೆಲ್ಲಾ ಹೊತಗೊಂಡು ಅಡ್ಡ್ಯಾಡಿದ್ದು. ಭಾರ ಆಗತದೋ ಇಲ್ಲೋ ಅನ್ನೂದು ಹೊರಾಕಿ ಹೇಳಲಿ. ಅಕಿ ಅಂತೂ ಹೇಳಿಲ್ಲ.

ಅಕಿಗೆ ಅವಸರ ಯಾಕ ಅಂತನೂ ತಿಳಕೋರಿ. ಗದಗ ಜಿಲ್ಲಾ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕ ಬರತಾವ, ಮಂಗೋಲಿಯಾ, ಟಿಬೆಟ್ ಕಡಿಂದ ಹಿಮಾಲಯ ದಾಟಿ. 2024ರ ಜನವರಿಗೆ ಆ ಕೆರಿ ರಾಮ್ಸರ್ ಪಟ್ಟಿಗೂ ಸೇರಿತು. ಬಿಸಲು ಏರೂದ್ರಾಗ ಅವು ಮತ್ತ ತಿರುಗಿ ಹೊಂಟ ಬಿಡತಾವ. ಟ್ರೈಪಾಡ್ ಮುಂದಿನ ಯುಗಾದಿಗೆ ಕೊಡಸಿದ್ರ ಖಾಲಿ ಕೆರಿ ಫೋಟೋ ತಗದು ಬರಬೇಕು.

ವಸ್ತು ತಂದ ಮ್ಯಾಲೆ ಜ್ವಾಕಿ ಮಾಡೂದು ನಾ ಕಲಸ್ತೀನಿ. ಕೆಸರಿನಾಗ ಊರಿದ್ರ ಮನಿಗೆ ಬಂದಕೂಡಲೆ ಒದ್ದಿ ಅರಬಿಲೆ ಒರಸಬೇಕು, ಎರಿ ಮಣ್ಣು ಒಣಗಿ ತಿರುಪಿನಾಗ ಕುಂತ್ರ ಕರಕರ ಅಂತದ. ಗಾಳಿ ಇದ್ದ ದಿನ ನಡುವಿನ ಕೊಂಡಿಗೆ ಕಲ್ಲು ತುಂಬಿದ ಕೈಚೀಲ ಕಟ್ಟಬೇಕು, ಆದ್ರ ಚೀಲ ನೆಲಕ್ಕ ತುಸು ತಾಗಿರಬೇಕು, ಇಲ್ಲಾಂದ್ರ ಅದ ಜೋಕಾಲಿ ಆಡಿ ಮತ್ತಷ್ಟು ಅಳ್ಳಾಡಸತದ.

ದಾಂಡೇಲಿ ಸಫಾರಿ ಜೀಪಿನಾಗ ಮಾತ್ರ ಎಂಥಾ ಟ್ರೈಪಾಡೂ ಉಪಯೋಗಿಲ್ಲ, ಕಾಲು ಬಿಚ್ಚಾಕ ಜಾಗಾನ ಇರೂದಿಲ್ಲ. ಅಲ್ಲಿಗೆ ಕಾಳಿನ ಚೀಲ ಬೇಕು. ಹಳೇ ಜೀನ್ಸಿನ ಕಾಲು ಕತ್ತರಿಸಿ, ಎರಡೂ ಕಡೆ ಹೊಲದು, ಒಂದ ಬಾಜೂ ಚೈನ್ ಹಚ್ಚಿ, ಮುಕ್ಕಾಲು ಪಾಲು ಜ್ವಾಳಾ ತುಂಬಿದ್ರ ಆತು. ಜೀಪಿನ ಅಂಚಿನ ಮ್ಯಾಲೆ ಇಟ್ರ ಲೆನ್ಸ್ ಕೂಸು ಮಲಗಿದಂಗ ಮಲಗತದ. ಹೊಲಿಯೂದು ನಂದು. ದಪ್ಪ ಬಟ್ಟಿದು ಹಳೇ ಜೀನ್ಸ್ ಯಾರ ಮನ್ಯಾಗರ ಬಿದ್ದಿದ್ರ ಬರೂ ಐತವಾರದೊಳಗ ಕಳಸಿ ಕೊಡ್ರಿ. ಟ್ರೈಪಾಡಿಗೆ ಪಟ್ಟಿ ಹಾಕಾವ್ರು ಇದ್ರೂ ಅವತ್ತ ಬರ್ರಿ, ಚಹಾ ಇಟ್ಟಿರತೀನಿ.