ಮಗೂನ ಎತ್ಕಂಡ್ರಿ, ಕೈ ಬಿಟ್ರಿ

ಅಕ್ಕಂದಿರೇ, ಚಿಕ್ಕಮ್ಮಂದಿರೇ, ಈ ಸಲ ಉಪ್ಪಿನಕಾಯಿ ವಿಷಯ ಅಲ್ಲ, ಜಗಳದ ವಿಷಯ. ಓದಿ ಸಿಟ್ಟು ಬಂದ್ರೆ ಸೀದಾ ಮನೆಗೇ ಬನ್ನಿ. ಕಾಫಿ ಮಾತ್ರ ನೀವೇ ಮಾಡ್ಕಬೇಕು. ಯಾಕೆ ಅಂತ ಕೊನೇಲಿ ಹೇಳ್ತೀನಿ.

ಹೋದ ವಾರ ಬಾಹುಬಲಿ ಮೊದಲನೇ ಭಾಗ ಮತ್ತೆ ನೋಡಿದೆ. 2015ರ ಜುಲೈ 10ಕ್ಕೆ ಅದು ಬಂದಾಗ ನಾನಿನ್ನೂ ಕಾಲೇಜು ಹುಡುಗಿ. ಗೆಳತಿಯರ ಜೊತೆ ಥಿಯೇಟರಲ್ಲಿ ಕೂತು, ಶಿವಗಾಮಿ ಹೊಳೆ ನೀರಿನ ಮೇಲೆ ಮಗು ಎತ್ತಿ ಹಿಡಿದಾಗ ಶಿಳ್ಳೆ ಹೊಡೆದವಳು ನಾನು. ಈಗ ನನ್ನ ಮಗನಿಗೆ ನಾಲ್ಕು ತಿಂಗಳು. ಎರಡೂವರೆ ಗಂಟೆ ಮೇಲಿರೋ ಆ ಸಿನಿಮಾ ಮುಗಿಸೋಕೆ ಆರು ದಿನ ಹಿಡೀತು. ಹಾಲು ಕುಡಿಸುವಾಗ ಹತ್ತು ನಿಮಿಷ, ತೊಡೆ ಮೇಲೆ ಮಲಗಿದ್ರೆ ಇನ್ನೊಂದು ಹತ್ತು. ಅವನನ್ನ ಎಬ್ಬಿಸೋಕೆ ಶಿರಾ ಗೇಟಿನ ಲಾರಿ ಹಾರನ್ನೇ ಸಾಕು, ಅದಕ್ಕೆ ಟೀವಿ ಸೌಂಡು ಪೂರ್ತಿ ತೆಗೆದಿದ್ದೆ. ಮಾತಿಲ್ಲದೆ ನೋಡಿದ್ದಕ್ಕೋ ಏನೋ, ನನಗೆ ಈ ಸಲ ಬರೀ ಆ ಕೈ ಕಾಣ್ತು.

ನೆನಪು ಮಾಡ್ಕಳಿ. ಬೆನ್ನಿಗೆ ಬಾಣ ನೆಟ್ಟಿದೆ. ಹೊಳೆ ಎಳೀತಿದೆ. ಮೈಯೆಲ್ಲ ಮುಳುಗಿ ಒಂದೇ ಕೈ ಮೇಲೈತೆ, ಅದರಲ್ಲಿ ಮಗು. ಬೆಳಗ್ಗೆ ಊರವರು ಓಡಿ ಬರ್ತಾರೆ, ಮಗು ಎತ್ಕತಾರೆ. ಆಮೇಲೆ ಆ ಕೈ ಒಂದು ಸಲ ಜಲಪಾತದ ಕಡೆ ತೋರಿಸಿ ನೀರಲ್ಲಿ ಹೋಗೇ ಬಿಡ್ತದೆ. ಮಗು ಉಳೀತು ಅಂತ ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಕೈ ಏನಾಯ್ತು ಅಂತ ನಾನಂತೂ ಕೇಳಿರಲಿಲ್ಲ.

ನಮ್ಮ ಮನೆಗಳಲ್ಲೂ ಇದೇ ನಡೀತಿರೋದು. ಮಗು ನೋಡೋಕೆ ಬತ್ತೀರ. ಫ್ರಾಕು, ಪೌಡರು, ಬೆಳ್ಳಿ ಕಾಲ್ಗಡಗ ತರ್ತೀರ. ಮೂಗು ಯಾರ ಹಂಗೈತೆ ಅಂತ ಅರ್ಧ ಗಂಟೆ ಮಾತಾಡ್ತೀರ. ನನ್ನ ಕಡೆ ತಿರುಗಿದ್ರೆ ಬರೋದು ಒಂದೇ ಪ್ರಶ್ನೆ, ‘ಹಾಲು ಸಾಲ್ತೈತಾ?’ ನಿದ್ದೆ ಸಾಲ್ತೈತಾ ಅಂತ ಒಬ್ಬರೂ ಕೇಳಲಿಲ್ಲ.

ಇಷ್ಟು ದಿನ ಯಾರಿಗೂ ಹೇಳದ ಒಂದು ವಿಷಯ ಹೇಳ್ತೀನಿ. ಮೊನ್ನೆ ರಾತ್ರಿ ಮೂರು ಗಂಟೇಲಿ ಕುರ್ಚಿ ಮೇಲೆ ಕೂತು ಹಾಲು ಕುಡಿಸ್ತಾ ತೂಕಡಿಸಿಬಿಟ್ಟೆ. ಎಚ್ಚರ ಆದಾಗ ಮಗು ತೊಡೆಯಿಂದ ಜಾರಿ ಮೊಣಕಾಲ ಹತ್ರ ಇತ್ತು. ಇನ್ನೊಂದು ಗೇಣು ಜಾರಿದ್ರೆ ನೆಲ. ಅವನು ಏಳಲೂ ಇಲ್ಲ. ನಾನು ಬೆಳಗಾಗೋವರೆಗೂ ನಡುಗ್ತಾ ಕೂತಿದ್ದೆ. ಮಗು ಹಿಡಿದ ಕೈ ಸೋತರೆ ಮೊದಲು ಬೀಳೋದು ಮಗೂನೇ ಕಣ್ರೀ.

‘ನಾವೆಲ್ಲ ಹೆರಲಿಲ್ವಾ, ಸಾಕಲಿಲ್ವಾ?’ ಅಂತೀರ. ಈ ಮಾತಿಗೆ ಉತ್ತರ ಕೊಟ್ಟಿದ್ದು ಪಾವಗಡದ ನಮ್ಮತ್ತೆ. ‘ನಾಲ್ಕು ಹೆತ್ತೆ, ನಿಜ. ಆದ್ರೆ ಆಗ ಮನೇಲಿ ಹನ್ನೊಂದು ಜನ ಇದ್ವಿ. ನನ್ನ ಮಕ್ಕಳು ನನ್ನ ಕೈಗೆ ಬತ್ತಿದ್ದಿದ್ದು ಹಾಲಿಗೆ ಮಾತ್ರ’ ಅಂದ್ರು. ಗುಬ್ಬಿಯ ತವರಲ್ಲಿ ಮೂರು ತಿಂಗಳು ಬಾಣಂತನ ಆದಾಗ ನಾನೂ ಅದನ್ನ ಕಂಡೆ. ಅಮ್ಮ ನೀರು ಹಾಕೋರು, ದೊಡ್ಡಮ್ಮ ಸಾಂಬ್ರಾಣಿ ಹೊಗೆ ಹಿಡಿಯೋರು, ಪಕ್ಕದ ಮನೆ ಅಜ್ಜಿ ತೊಟ್ಟಿಲು ತೂಗೋರು. ಇಲ್ಲಿ ಅತ್ತೆಗೆ ಮಂಡಿ ನೋವು, ಗಂಡನಿಗೆ ಶಿಫ್ಟು. ಹನ್ನೊಂದು ಜನದ ಕೆಲಸ ಒಬ್ಬಳ ತಲೆಗೆ ಕಟ್ಟಿ, ಅದಕ್ಕೆ ‘ತಾಯಿ ಶಕ್ತಿ’ ಅಂತ ಹೆಸರಿಟ್ಟು ವಾಟ್ಸಾಪಲ್ಲಿ ಹೂವು ಕಳಿಸ್ತೀರ.

ಆ ಸಿನಿಮಾನಾದ್ರೂ ಸರಿಯಾಗಿ ನೋಡಿ. ಅಮರೇಂದ್ರನನ್ನ ಹೆತ್ತವಳು ಹೆರಿಗೇಲೇ ತೀರ್ಕಂಡ್ಲು. ಶಿವಗಾಮಿ ತನ್ನ ಮಗನ ಜೊತೆ ಅವನಿಗೂ ಎದೆಹಾಲು ಕೊಟ್ಟಳು. ಅವನ ಮಗ ಮಹೇಂದ್ರನನ್ನ ಹೆತ್ತ ದೇವಸೇನೆ 25 ವರ್ಷ ಸರಪಳೀಲಿದ್ದಳು, ಅವನನ್ನ ಸಾಕಿದ್ದು ಹೊಳೆ ದಂಡೆಯ ಸಂಗಾ. ಮಾಹಿಷ್ಮತಿಯ ಎರಡು ತಲೆಮಾರಿನ ಬಾಹುಬಲಿಗಳೂ ಹೆರದ ತಾಯಂದಿರ ಕೈಲಿ ಬೆಳೆದೋರು. ಕಥೆ ಹೇಳೋದೇ ಅದು, ಒಬ್ಬಳ ಕೈಲಿ ಮಗು ಬೆಳೆಯಲ್ಲ ಅಂತ.

ಇನ್ನು ಗಂಡಸರ ವಿಷಯ. ಎರಡನೇ ಭಾಗ ಬಂದಿದ್ದು 2017ರ ಏಪ್ರಿಲ್ 28ಕ್ಕೆ. ಅದೇ ತಿಂಗಳು 1ನೇ ತಾರೀಖಿಂದ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತು. ನನಗೆ ಸಿಕ್ಕಿರೋ ರಜೆಯೂ ಅದೇ ಕಾನೂನಿಂದು, ಒಳ್ಳೇದೇ ಆಯ್ತು. ಆದ್ರೆ ಅಪ್ಪನಿಗೆ? ಕೇಂದ್ರ ಸರ್ಕಾರದ ಕೆಲಸ ಇದ್ರೆ 15 ದಿನ. ಖಾಸಗಿ ಕಂಪನೀಲಿದ್ರೆ ಕಂಪನಿಯವರು ಮನಸ್ಸು ಮಾಡಿದಷ್ಟು, ಕೊಡಲೇಬೇಕು ಅನ್ನೋ ಕಾನೂನಿಲ್ಲ. ನಮ್ಮ ಯಜಮಾನರಿಗೆ ಸಿಕ್ಕಿದ್ದು ಮೂರು ದಿನ. ಕಾನೂನು ದೂರದ ಮಾತು, ಅದನ್ನ ಬಿಡಿ. ಅವರು ಮನೇಲಿದ್ದಾಗ ಮಗೂನ ಕಕ್ಕದ ಬಟ್ಟೆ ಒಗೆದರೆ, ‘ಗಂಡನ ಕೈಲಿ ಏನೆಲ್ಲ ಮಾಡಿಸ್ತಾಳೆ ನೋಡು’ ಅಂತ ಮಾತಾಡ್ಕಂಡೋರು ಯಾರು? ಸರ್ಕಾರ ಅಲ್ಲ, ನಾವೇ ಹೆಂಗಸರು. ನೆರವಿಗೆ ಬರೋ ಒಂದು ಕೈಯನ್ನೂ ನಾವೇ ನಾಚಿಸಿ ಹಿಂದಕ್ಕೆ ಕಳಿಸ್ತೀವಿ.

ತುಮಕೂರಿನ ಥಿಯೇಟರಲ್ಲಿ ಶಿಳ್ಳೆ ಹೊಡೆದ ತಪ್ಪು ನಂದೂ ಐತೆ. ಚಿಕ್ಕಮ್ಮನ ಮಗಳಿಗೆ ಹೆರಿಗೆ ಆದಾಗ ನಾನೂ ಒಂದು ಫ್ರಾಕು ಕೊಟ್ಟು, ಫೋಟೋ ತೆಗೆಸ್ಕಂಡು ಬಂದೋಳೇ. ಅವಳ ಕಣ್ಣ ಕೆಳಗಿನ ಕಪ್ಪು ಕಂಡಿತ್ತು, ಸುಮ್ಮನಿದ್ದೆ. ಕ್ಷಮಿಸು ಕಣೇ.

ಅದಕ್ಕೇ ಮನೆಗೆ ಬನ್ನಿ ಅಂದಿದ್ದು. ಬೆಳ್ಳಿ ಬೇಡ, ಪೌಡರು ಬೇಡ. ಕೈ ತೊಳ್ಕಂಡು ಮಗು ಎತ್ಕಳಿ, ಎರಡು ಗಂಟೆ ವಾಪಸ್ ಕೊಡಬೇಡಿ. ಇಲ್ಲ ಅಂದ್ರೆ ಸಿಂಕಲ್ಲಿರೋ ಪಾತ್ರೆ ತೊಳೀರಿ. ಕಾಫಿ ಪುಡಿ ಒಲೆ ಮೇಲಿನ ಶೆಲ್ಫಲ್ಲಿ ಎಡಗಡೆ ಡಬ್ಬೀಲೈತೆ, ಹಾಲು ಫ್ರಿಜ್ಜಲ್ಲೈತೆ. ನನ್ನನ್ನ ಎಬ್ಬಿಸಬೇಡಿ.